ಸ್ಪೇಸ್ ಬಾರ್ ಒತ್ತುವುದೋ, ಟೈಮ್‌ಕೋಡ್ ಓಡಿಸುವುದೋ?

ಧ್ವನಿಗೊಬ್ಬರು, ಪ್ರೊಜೆಕ್ಟರ್‌ಗೊಬ್ಬರು, ಲೈಟಿಗೊಬ್ಬರು ಕುಳಿತು ಕಣ್ಸನ್ನೆಯಲ್ಲೇ ಪ್ರದರ್ಶನ ನಡೆಸುವ ಪದ್ಧತಿ ಸಣ್ಣ ನಾಟಕಗಳಿಗೆ ಇಂದಿಗೂ ಸಾಕು. ಗುಡುಗು, ಹಿಂಪರದೆಯ ಮಿಂಚು, ರಂಗದ ಮೇಲಿನ ಬೆಳಕು ಮೂರೂ ಲೆಕ್ಕಕ್ಕೆ ಸರಿಯಾಗಿ ಬೀಳಬೇಕೆಂದಾಗ ಮಾತ್ರ ಅದು ಸಾಲುವುದಿಲ್ಲ. ಬೆಂಗಳೂರಿನ ರಂಗಮಂದಿರಗಳಲ್ಲಿ ನಾಟಕ ಮತ್ತು ನೃತ್ಯರೂಪಕಗಳಿಗೆ ನಾನು ಬಳಸಿ ನೋಡಿದ ಮೂರು ವ್ಯವಸ್ಥೆಗಳನ್ನು ಇಲ್ಲಿ ಹೋಲಿಸಿದ್ದೇನೆ. ಆಯ್ಕೆಯನ್ನು ನಿರ್ಧರಿಸುವುದು ಬೆಲೆಗಿಂತ ಹೆಚ್ಚಾಗಿ, ಪ್ರದರ್ಶನದ ವೇಗ ಯಾರ ಕೈಯಲ್ಲಿದೆ ಎಂಬುದು.

ವೇಗ ನಟರ ಕೈಯಲ್ಲಿದ್ದರೆ ಪ್ರದರ್ಶನ ನಡೆಸುವ ತಂತ್ರಾಂಶವಾದ ಕ್ಯೂಲ್ಯಾಬ್‌ಗೆ ನನ್ನ ಮತ. ಇದರಲ್ಲಿ ಧ್ವನಿ, ವಿಡಿಯೊ, ಬೆಳಕು ಎಲ್ಲವೂ ಒಂದೇ ಪಟ್ಟಿಯ ಸಾಲುಗಳು; ಒಂದೊಂದು ಸಾಲೂ ಒಂದು ‘ಕ್ಯೂ’, ಅಂದರೆ ಇಂಥ ಕ್ಷಣಕ್ಕೆ ನಡೆಯಬೇಕಾದ ಒಂದು ಆಜ್ಞೆ. ಮಿಂಚಿನ ವಿಡಿಯೊ, ಲೈಟಿನ ಕ್ಯೂ, ಒಂದೂವರೆ ಸೆಕೆಂಡು ತಡವಾಗಿ ಬರುವಂತೆ ಹೊಂದಿಸಿದ ಗುಡುಗು, ಇವನ್ನು ಒಂದು ಗುಂಪಿಗೆ ಸೇರಿಸಿದರೆ ಸ್ಪೇಸ್ ಬಾರನ್ನು ಒಮ್ಮೆ ಒತ್ತಿದರಾಯಿತು. ಪ್ರೇಕ್ಷಕರ ನಗೆ ನಿಲ್ಲುವವರೆಗೆ ನಟ ಮಾತು ತಡೆದರೆ ನಮ್ಮ ಬೆರಳೂ ತಡೆಯುತ್ತದೆ. ಬೆಳಕಿನ ಆಜ್ಞೆಗಳನ್ನು ಆರ್ಟ್‌ನೆಟ್ (ನೆಟ್‌ವರ್ಕ್ ಮೂಲಕ ದೀಪಗಳನ್ನು ನಿಯಂತ್ರಿಸುವ ವಿಧಾನ) ಮೂಲಕ ನೇರವಾಗಿಯೂ ಕಳುಹಿಸಬಹುದು, ಅಥವಾ ದೀಪಗಳನ್ನು ನಿಯಂತ್ರಿಸುವ ರಂಗಮಂದಿರದ ಲೈಟ್ ಬೋರ್ಡಿಗೆ ಮಿಡಿ ಇಲ್ಲವೇ ಓಎಸ್‌ಸಿ (ಉಪಕರಣಗಳು ಪರಸ್ಪರ ಆಜ್ಞೆ ಕಳುಹಿಸುವ ಎರಡು ಪದ್ಧತಿಗಳು) ಸಂದೇಶದ ಮೂಲಕ ಆಜ್ಞೆ ಕೊಡಬಹುದು. ಬೆಳಕಿನ ವಿನ್ಯಾಸಕರು ತಮ್ಮ ಬೋರ್ಡಿನ ಮೇಲೆಯೇ ಕೆಲಸ ಮಾಡಲು ಬಯಸುವುದರಿಂದ ಎರಡನೆಯದು ಜಗಳವಿಲ್ಲದ ದಾರಿ. ಇದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ ಎಂಬುದು ದೊಡ್ಡ ತೊಡಕು. ಉಚಿತ ಆವೃತ್ತಿಯಲ್ಲಿ ಧ್ವನಿಗೆ ಎರಡೇ ಚಾನೆಲ್ ಸಿಗುತ್ತದೆ. ಆದರೆ ಪರವಾನಗಿಯನ್ನು ದಿನದ ಬಾಡಿಗೆಗೆ ಪಡೆಯಬಹುದಾದ್ದರಿಂದ ವರ್ಷಕ್ಕೆ ಎರಡು ಮೂರು ಪ್ರದರ್ಶನ ಮಾಡುವ ತಂಡಕ್ಕೆ ಹೊರೆಯಾಗದು.

ಧ್ವನಿಮುದ್ರಿತ ಸಂಗೀತಕ್ಕೆ ನಡೆಯುವ ನೃತ್ಯರೂಪಕದ ಲೆಕ್ಕವೇ ಬೇರೆ. ಅಲ್ಲಿ ಧ್ವನಿ ಸಂಕಲನದ ತಂತ್ರಾಂಶ ರೀಪರ್‌ನಲ್ಲಿ ಸಂಗೀತವನ್ನಿಟ್ಟು, ಪಕ್ಕದ ಟ್ರ್ಯಾಕ್‌ನಲ್ಲಿ ಎಲ್‌ಟಿಸಿ ಟೈಮ್‌ಕೋಡ್ (ಈಗ ಯಾವ ಕ್ಷಣ ಓಡುತ್ತಿದೆ ಎಂದು ಪ್ರತಿ ಫ್ರೇಮಿಗೂ ತಿಳಿಸುವ ಸಮಯ ಸಂಕೇತ) ಓಡಿಸಿ, ಅದನ್ನು ವಿಡಿಯೊ ತಂತ್ರಾಂಶವಾದ ರೆಸಲ್ಯೂಮ್ ಅರೆನಾ ಮತ್ತು ಲೈಟ್ ಬೋರ್ಡ್ ಎರಡಕ್ಕೂ ಕೊಡುವುದು ಹೆಚ್ಚು ಭದ್ರ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಬೆರಳಿಗೆ ಆ ನಿಖರತೆ ಪ್ರತಿ ಬಾರಿಯೂ ಸಾಧ್ಯವಿಲ್ಲ. ಇದಕ್ಕಿಂತಲೂ ನನಗೆ ಮುಖ್ಯವೆನಿಸಿದ್ದು ತಾಲೀಮಿನ ಅನುಕೂಲ: ‘ತಿಲ್ಲಾನದ ಎರಡನೆಯ ಭಾಗದಿಂದ’ ಎಂದು ಗುರುಗಳು ಹೇಳಿದೊಡನೆ ಸಂಗೀತವನ್ನು ಅಲ್ಲಿಂದ ಓಡಿಸಿದರೆ ಪರದೆಯೂ ದೀಪಗಳೂ ತಾವಾಗಿಯೇ ಅಲ್ಲಿಗೆ ಬಂದು ಸೇರುತ್ತವೆ.

ಎಲ್‌ಟಿಸಿ ಎಂಬುದು ವಾಸ್ತವವಾಗಿ ಒಂದು ಸದ್ದು. ಪ್ರತಿ ಫ್ರೇಮಿಗೆ 80 ಬಿಟ್‌ಗಳಂತೆ, ಒಂದರಿಂದ ಎರಡು ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಕರ್ಕಶವಾಗಿ ಕಿರುಚುವ ಈ ಸಂಕೇತ ತಪ್ಪಿಯೂ ಸ್ಪೀಕರಿಗೆ ಹೋಗಬಾರದು. ಈಕ್ವಲೈಸರ್, ಕಂಪ್ರೆಸರ್‌ಗಳ ಮೂಲಕವೂ ಹಾಯಬಾರದು. ಎಡ ಚಾನೆಲ್‌ನಲ್ಲಿ ಸಂಗೀತ, ಬಲ ಚಾನೆಲ್‌ನಲ್ಲಿ ಕೋಡ್ ಇಡುವ ಅಗ್ಗದ ಉಪಾಯದಲ್ಲಿ ಸಂಗೀತ ಮೋನೊ ಆಗುತ್ತದೆ. ಆದ್ದರಿಂದ ನಾಲ್ಕು ಔಟ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ ಬೇಕೇ ಬೇಕು. ಪ್ರದರ್ಶನದ ಹಿಂದಿನ ದಿನ ಸಂಗೀತದಲ್ಲಿ ಆರು ಸೆಕೆಂಡು ಕತ್ತರಿಸಿದರೆ ಅದರ ಮುಂದಿನ ಎಲ್ಲ ಕ್ಯೂಗಳನ್ನೂ ಹಿಂದಕ್ಕೆಳೆಯಬೇಕಾಗುತ್ತದೆ, ಮತ್ತು ಆ ಕೋರಿಕೆ ಬರುವುದು ಯಾವಾಗಲೂ ಹಿಂದಿನ ದಿನವೇ. ವೇದಿಕೆಯ ಮೇಲೆ ನಟ್ಟುವಾಂಗ, ಮೃದಂಗಗಳು ಇದ್ದು ವೇಗ ಅವರ ಕೈಯಲ್ಲಿದ್ದರಂತೂ ಈ ವ್ಯವಸ್ಥೆಯ ಗೋಜಿಗೆ ಹೋಗದಿರುವುದು ಲೇಸು.

ಮೂರನೆಯದು ಧ್ವನಿಗೆ ಲಿನಕ್ಸ್ ಶೋ ಪ್ಲೇಯರ್ ಮತ್ತು ಬೆಳಕಿಗೆ ಕ್ಯೂಎಲ್‌ಸಿ ಪ್ಲಸ್ ಎಂಬ ತಂತ್ರಾಂಶಗಳ ಜೋಡಿ. ಎರಡೂ ಉಚಿತ; ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲೂ ಧ್ವನಿ ತಡವರಿಸಲಿಲ್ಲ. ಆದರೆ ಎರಡು ಕಿಟಕಿ, ಎರಡು ಕಡತ, ನಡುವೆ ಓಎಸ್‌ಸಿ ಸಂಪರ್ಕ. ಒಂದರಲ್ಲಿ ಕ್ಯೂ ಸೇರಿಸಿ ಇನ್ನೊಂದನ್ನು ಮರೆತರೆ ಬೆಳಕು ಒಂದು ಹೆಜ್ಜೆ ಹಿಂದುಳಿಯುತ್ತದೆ. ಕಲಿಯುವವರಿಗೆ, ವಿಡಿಯೊ ಇಲ್ಲದ ನಾಟಕಗಳಿಗೆ ಇದು ಒಳ್ಳೆಯದು.

ಯಾವುದನ್ನು ಆರಿಸಿದರೂ ಪ್ರೊಜೆಕ್ಟರ್ ತನ್ನದೇ ವಿಳಂಬವನ್ನು ಸೇರಿಸುತ್ತದೆ. ಚಿತ್ರವನ್ನು ಬೇಗ ತರಲಾಗದಿದ್ದಾಗ ಧ್ವನಿ ಮತ್ತು ಬೆಳಕನ್ನೇ ಅಷ್ಟು ತಡೆಯಬೇಕು. ಇದನ್ನು ಕಂಪ್ಯೂಟರಿನ ಮುಂದಲ್ಲ, ಸಭಾಂಗಣದ ನಡುವೆ ಕುಳಿತು ಹೊಂದಿಸಬೇಕು, ಏಕೆಂದರೆ ಸ್ಪೀಕರಿನಿಂದ 17 ಮೀಟರ್ ದೂರದ ಆಸನಕ್ಕೆ ಸದ್ದು ತಲುಪಲು ಸುಮಾರು 50 ಮಿಲಿಸೆಕೆಂಡ್ ಬೇಕಾಗುತ್ತದೆ.

ನಾಟಕದ ನಡುವೆ ಧ್ವನಿಮುದ್ರಿತ ನೃತ್ಯವೊಂದು ಬರುವ ಕಡೆ ನಾನೀಗ ಎರಡು ಕ್ರಮಗಳನ್ನೂ ಬೆರೆಸುತ್ತೇನೆ: ಇಡೀ ಪ್ರದರ್ಶನ ಕ್ಯೂಲ್ಯಾಬ್‌ನ ಸ್ಪೇಸ್ ಬಾರಿನಿಂದಲೇ ನಡೆಯುತ್ತದೆ, ನೃತ್ಯದ ಕ್ಯೂ ಬಂದಾಗ ಅದೇ ತಂತ್ರಾಂಶ ಲೈಟ್ ಬೋರ್ಡಿಗೆ ಟೈಮ್‌ಕೋಡ್ ಕಳುಹಿಸುತ್ತದೆ, ನೃತ್ಯ ಮುಗಿದೊಡನೆ ಕೋಡ್ ನಿಂತು ಬೋರ್ಡು ಮತ್ತೆ ಬೆರಳಿನ ಹಿಡಿತಕ್ಕೆ ಬರುತ್ತದೆ.