ಟ್ಯಾಂಕಿಗೆ ನೇತುಹಾಕುವ ಫಿಲ್ಟರ್: ಎರಡು ವರ್ಷ ಬಳಸಿದ ಮೇಲೆ

ನನ್ನದು ಎರಡಡಿ ಉದ್ದದ ಟ್ಯಾಂಕ್, ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಒಳಗೆ ಹನ್ನೆರಡು ನಿಯಾನ್ ಟೆಟ್ರಾ, ತಳದಲ್ಲಿ ಓಡಾಡುವ ಆರು ಕೋರಿಡೋರಸ್ ಮೀನು, ಒಂದಿಷ್ಟು ಜಾವಾ ಫರ್ನ್ ಗಿಡ. ಹಿಂದಿನ ಗಾಜಿಗೆ ಎರಡು ವರ್ಷದಿಂದ ಒಂದು ಹ್ಯಾಂಗ್ ಆನ್ ಬ್ಯಾಕ್ ಫಿಲ್ಟರ್ ನೇತುಬಿದ್ದಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಜಾತಿಯ ಫಿಲ್ಟರುಗಳು ಒಳಗೆ ಹೆಚ್ಚುಕಡಿಮೆ ಒಂದೇ: ನೀರೆಳೆಯುವ ಕೊಳವೆ, ಪುಟ್ಟ ಮೋಟರ್, ಒಂದು ಪೆಟ್ಟಿಗೆ, ಅದರೊಳಗೆ ನೀರು ಸೋಸುವ ಕಾರ್ಟ್ರಿಜ್, ಮುಂದೆ ನೀರು ಹರಿದುಬೀಳುವ ಅಂಚು.

ಕೊಳ್ಳುವಾಗ ನಾನು ನೋಡಿದ್ದು ಡಬ್ಬದ ಮೇಲಿನ ಅಂಕಿಯೊಂದನ್ನೇ. ಗಂಟೆಗೆ 400 ಲೀಟರ್ ಎಂದಿತ್ತು. ಟ್ಯಾಂಕಿನ ನೀರಷ್ಟೂ ಗಂಟೆಗೆ ನಾಲ್ಕಾರು ಸಲವಾದರೂ ಫಿಲ್ಟರ್ ಮೂಲಕ ಹಾದುಬರಬೇಕು ಎನ್ನುವುದು ಮೀನು ಸಾಕುವವರ ರೂಢಿಯ ಲೆಕ್ಕ, ಹಾಗಾಗಿ ಇದು ಧಾರಾಳವಾಯಿತು ಅಂದುಕೊಂಡೆ. ಒಂದು ದಿನ ಬೀಳುವ ನೀರಿಗೆ ಅಗಲ ಬಾಯಿಯ ಒಂದು ಲೀಟರಿನ ಡಬ್ಬಿ ಹಿಡಿದು ಗಡಿಯಾರ ನೋಡಿದೆ. ತುಂಬಲು 15 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 240 ಲೀಟರ್. ಕೊಳೆ ಕಟ್ಟಿಕೊಂಡಾಗ ಅದೇ ಡಬ್ಬಿಗೆ 30 ಸೆಕೆಂಡ್, ಅಲ್ಲಿಗೆ ಗಂಟೆಗೆ 120. ಡಬ್ಬದ ಮೇಲಿನ ಅಂಕಿ ಎಷ್ಟೋ ಸಲ ಒಳಗೆ ಏನೂ ತುಂಬದೆ ಅಳೆದದ್ದಾಗಿರುತ್ತದೆ. ಆದ್ದರಿಂದ ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನು, ಹರಿವು ಕಡಿಮೆ ಮಾಡುವ ತಿರುಪು ಇರುವುದನ್ನು ತೆಗೆದುಕೊಳ್ಳಿ. ಬೆಟ್ಟಾ ಸಾಕುವವರಿಗಂತೂ ಆ ತಿರುಪು ಇರಲೇಬೇಕು. ಅಷ್ಟು ಉದ್ದದ ರೆಕ್ಕೆ ಹೊತ್ತ ಮೀನು ಜೋರು ಹರಿವಿಗೆ ಎದುರಾಗಿ ಈಜಿ ಸುಸ್ತಾಗುತ್ತದೆ.

ಇನ್ನು ಕಾರ್ಟ್ರಿಜ್. ನನ್ನ ದೂರೆಲ್ಲ ಇದರ ಮೇಲೆಯೇ. ತಿಂಗಳಿಗೊಮ್ಮೆ ಹಳೆಯದನ್ನು ಎಸೆದು ಹೊಸದು ಹಾಕಿ ಎಂದು ಜೊತೆಗೆ ಬಂದ ಚೀಟಿಯಲ್ಲಿತ್ತು. ಟ್ಯಾಂಕಿಗೆ ಮೂರು ತಿಂಗಳಾಗಿದ್ದಾಗ ಚೀಟಿ ಹೇಳಿದಂತೆ ಎಸೆದೆ. ಸಾಲದ್ದಕ್ಕೆ ಪೆಟ್ಟಿಗೆಯನ್ನೂ ನಲ್ಲಿ ನೀರಿನಲ್ಲಿ ಉಜ್ಜಿ ಉಜ್ಜಿ ಪಳಪಳ ಮಾಡಿ ಇಟ್ಟೆ. ಮೂರನೆಯ ದಿನ ಬೆಳಿಗ್ಗೆ ನಿಯಾನ್‌ಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಪರೀಕ್ಷೆಯ ಸೀಸೆಗೆ ಹನಿ ಹಾಕಿದರೆ ಹಳದಿ ಇರಬೇಕಾದ ನೀರು ಹಸಿರಿಗೆ ತಿರುಗಿತು, ಮೀನಿಗೆ ವಿಷವಾದ ಅಮೋನಿಯಾ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಹತ್ತಿರ. ತಕ್ಷಣ ಅರ್ಧ ನೀರು ಬದಲಾಯಿಸಿದೆ. ಆದರೂ ಎರಡು ಮೀನು ಹೋದವು.

ನಾನು ಎಸೆದದ್ದು ಬರಿಯ ಕೊಳಕಾಗಿರಲಿಲ್ಲ. ಮೀನಿನ ಹಿಕ್ಕೆ, ಕಿವಿರು, ಉಳಿದ ಆಹಾರ ಇವುಗಳಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಅದನ್ನು ನೈಟ್ರೈಟ್ ಮಾಡುವ ಸೂಕ್ಷ್ಮಜೀವಿಗಳು, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ನೈಟ್ರೋಸ್ಪೈರಾದಂಥವು, ಇವೆಲ್ಲ ಕಾರ್ಟ್ರಿಜ್, ಸ್ಪಾಂಜುಗಳ ರಂಧ್ರಗಳಲ್ಲಿ ಮನೆ ಮಾಡಿರುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಸಾಯಿಸುತ್ತದೆ. ಮೂರು ತಿಂಗಳು ಬೆಳೆದ ಆ ಜೀವವನ್ನೆಲ್ಲ ಹತ್ತು ನಿಮಿಷದಲ್ಲಿ ತೊಳೆದು ಚೆಲ್ಲಿಬಿಟ್ಟಿದ್ದೆ. ತಿಂಗಳಿಗೊಮ್ಮೆ ಎಸೆಯಿರಿ ಎನ್ನುವ ಸಲಹೆಯನ್ನು ಈಗಲೂ ಅಚ್ಚು ಹಾಕುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಅಂದಿನಿಂದ ಕಾರ್ಟ್ರಿಜ್ ಕೊಂಡಿಲ್ಲ. ಪೆಟ್ಟಿಗೆಯ ಅಳತೆಗೆ ದಪ್ಪ ಸ್ಪಾಂಜ್ ಕತ್ತರಿಸಿ ನೀರು ಬರುವ ಕಡೆ ಇಟ್ಟೆ, ಅದರಾಚೆ ಬಲೆಚೀಲದಲ್ಲಿ ಸೆರಾಮಿಕ್ ರಿಂಗ್, ಅಂದರೆ ಆ ಸೂಕ್ಷ್ಮಜೀವಿಗಳು ಕೂರಲು ರಂಧ್ರಗಳಿರುವ ಪುಟ್ಟ ಬಳೆಗಳು. ಈ ಮಾರ್ಪಾಡಿಗೆ ಜಾಗವಿದ್ದದ್ದೇ ಈ ಫಿಲ್ಟರಿನ ದೊಡ್ಡ ಗುಣ, ಹಾಗಾಗಿ ಕೊಳ್ಳುವ ಮುಂಚೆ ಮುಚ್ಚಳ ತೆಗೆದು ಒಳಗೆ ಎಷ್ಟು ಸ್ಥಳವಿದೆ ನೋಡಿ. ಬರಿಯ ತೆಳು ಕಾರ್ಟ್ರಿಜ್ ತೂರುವ ಸೀಳು ಮಾತ್ರ ಇದ್ದರೆ ಬೇಡ. ನೀರಿನಲ್ಲಿ ಕರಗಿದ್ದನ್ನು ಹೀರುವ ಇದ್ದಿಲು, ಆಕ್ಟಿವೇಟೆಡ್ ಕಾರ್ಬನ್ನನ್ನು ನಾನು ಖಾಯಂ ಇಡುವುದಿಲ್ಲ. ಕೆಲವು ವಾರಗಳಲ್ಲಿ ಅದರ ಹೀರುವ ಶಕ್ತಿ ಮುಗಿಯುತ್ತದೆ. ಮೀನಿಗೆ ಔಷಧ ಹಾಕಿದ್ದರೆ ಕೋರ್ಸ್ ಮುಗಿದ ಮೇಲೆ ನೀರಿನಲ್ಲಿ ಉಳಿದದ್ದನ್ನು ತೆಗೆಯಲು ಅದು ಒಳ್ಳೆಯದು, ಆದರೆ ಔಷಧ ನಡೆಯುತ್ತಿರುವಾಗ ಅದು ಹೊರಗಿರಬೇಕು.

ತೊಳೆಯುವುದು ಮೂರು ವಾರಕ್ಕೊಮ್ಮೆ, ನೀರು ಬದಲಾಯಿಸುವ ದಿನ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿಕೊಂಡು ಸ್ಪಾಂಜನ್ನು ನಾಲ್ಕೈದು ಸಲ ಹಿಂಡುತ್ತೇನೆ. ಕಂದು ನೀರು ಇಳಿಯುತ್ತದೆ, ಸ್ಪಾಂಜ್ ಕಂದಾಗಿಯೇ ಉಳಿಯುತ್ತದೆ, ಉಳಿಯಲಿ. ರಿಂಗುಗಳನ್ನು ಅದೇ ದಿನ ಮುಟ್ಟುವುದಿಲ್ಲ. ಕೊಳವೆಯ ಬಾಯಿಗೂ ಒಂದು ತುಂಡು ಸ್ಪಾಂಜ್ ತೊಡಿಸಿದ್ದೇನೆ, ಮರಿ ಮೀನು ಒಳಗೆ ಎಳೆದುಹೋಗದಂತೆ.

ಒಂದೂವರೆ ವರ್ಷವಾದಾಗ ಮೋಟರ್ ಗರಗರ ಎನ್ನಲು ಶುರುವಾಯಿತು. ಕೆಟ್ಟಿತೆಂದು ಎಸೆಯುವ ಮುನ್ನ ಪ್ಲಗ್ ಕಿತ್ತು ಇಂಪೆಲ್ಲರ್, ಅಂದರೆ ತಿರುಗಿ ನೀರು ತಳ್ಳುವ ಭಾಗವನ್ನು ಹೊರತೆಗೆದೆ. ಬೆರಳ ಗೆಣ್ಣಿನಷ್ಟು ಉದ್ದದ ಕಪ್ಪು ಆಯಸ್ಕಾಂತ, ತುದಿಯಲ್ಲಿ ಪುಟ್ಟ ಬಿಳಿ ರೆಕ್ಕೆಗಳು, ನಡುವೆ ಕಡ್ಡಿಯಂಥ ಸೆರಾಮಿಕ್ ದಂಡ. ಆಯಸ್ಕಾಂತದ ಸುತ್ತ ಕಂದು ಲೋಳೆ, ದಂಡಕ್ಕೆ ಜಾವಾ ಫರ್ನಿನ ಬೇರು ಎಳೆ ಎಳೆಯಾಗಿ ಸುತ್ತಿಕೊಂಡಿತ್ತು. ಅದು ಕೂರುವ ಗುಳಿಯ ತಳದಲ್ಲಿ ಸಾಸಿವೆಯಷ್ಟು ಚಿಕ್ಕ ಬಸವನಹುಳು. ಹತ್ತಿ ಸುತ್ತಿದ ಕಡ್ಡಿಯಿಂದ ಗುಳಿ ಒರೆಸಿ ಮತ್ತೆ ಕೂರಿಸಿದೆ, ಸದ್ದು ನಿಂತೇಹೋಯಿತು. ದಂಡವನ್ನು ನೆಟ್ಟಗೆ ಎಳೆಯಿರಿ, ಓರೆ ಮಾಡಿದರೆ ಲಟಕ್ಕನೆ ಮುರಿಯುತ್ತದೆ.

ಈ ಫಿಲ್ಟರಿನ ಇನ್ನೊಂದು ಕೊರತೆ ಕರೆಂಟ್ ಹೋಗಿ ಬಂದಾಗ ಗೊತ್ತಾಗುತ್ತದೆ. ಪೆಟ್ಟಿಗೆಯ ನೀರು ಇಳಿದುಹೋಗಿದ್ದರೆ ನನ್ನದು ತಾನಾಗಿ ನೀರೆಳೆಯುವುದಿಲ್ಲ, ಮೋಟರ್ ಒಣಗಿಯೇ ತಿರುಗುತ್ತದೆ. ಒಂದು ಚೊಂಬು ನೀರು ಸುರಿದು ಹೊರಡಿಸಬೇಕು. ಮೋಟರ್ ನೀರಿನ ಮಟ್ಟಕ್ಕಿಂತ ಕೆಳಗಿರುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ.

ಗೋಲ್ಡ್ ಫಿಶ್ ತುಂಬಿದ ದೊಡ್ಡ ಟ್ಯಾಂಕಿಗೆ ಇದು ಸಾಲದು, ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ನೋಡಿ. ಸೀಗಡಿಗೆ, ಮರಿಗಳಿಗೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರೇ ಸರಿ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಡುವುದಾದರೆ ಗಾಳಿಕೊಳವೆಗೆ ಒಂದೇ ದಿಕ್ಕಿಗೆ ಹರಿಯಬಿಡುವ ಚೆಕ್ ವಾಲ್ವ್ ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಮ್ಮುಖವಾಗಿ ಪಂಪಿಗೆ ಇಳಿಯುತ್ತದೆ.

ಸೀಗಡಿಗೆಂದು ಚಿಕ್ಕ ಟ್ಯಾಂಕೊಂದನ್ನು ತೆಗೆದಿಟ್ಟಿದ್ದೇನೆ, ಇನ್ನೂ ಖಾಲಿ ಇದೆ. ಅದರ ಸ್ಪಾಂಜ್ ಫಿಲ್ಟರ್, ಸೂಕ್ಷ್ಮಜೀವಿಗಳು ಮೊದಲೇ ನೆಲೆಯೂರಲಿ ಎಂದು, ಸದ್ಯ ಹಳೆಯ ಟ್ಯಾಂಕಿನ ಮೂಲೆಯಲ್ಲಿ ಗುಳ್ಳೆ ಬಿಡುತ್ತ ಕೂತಿದೆ. ಇವತ್ತಿಗೆ ಹದಿನೆಂಟು ದಿನ. ಕಪ್ಪು ಸ್ಪಾಂಜಿನ ಮೇಲೆ ತೆಳ್ಳಗೆ ಕಂದು ಬಣ್ಣ ಕೂರತೊಡಗಿದೆ, ಕೋರಿಡೋರಸ್‌ಗಳು ಅದನ್ನೇ ಮೂತಿಯಿಂದ ಕೆದಕುತ್ತಿವೆ.