ಚಿಕ್ಕಮಗಳೂರಲ್ಲಿ ಕಾಫಿಪುಡಿ ತಗೊಳ್ಳೋರು ಸ್ವಲ್ಪ ಓದಿ

ಎಂ.ಜಿ. ರೋಡಲ್ಲಿ ಟೂರಿಸ್ಟ್‌ಗಳಿಗೆ ಅಂತಾನೇ ಇರೋ ಒಂದು ಕಾಫಿಪುಡಿ ಅಂಗಡಿ, ಹೆಸರು ಬೇಡ. ಪ್ಯಾಕೆಟ್ ಮೇಲೆ ಮಂಜು ಕವಿದ ಬೆಟ್ಟದ ಫೋಟೋ, ಚಿನ್ನದ ಬಣ್ಣದಲ್ಲಿ 'ಎಸ್ಟೇಟ್ ಸ್ಪೆಷಲ್', ಪಕ್ಕದಲ್ಲಿ ಸೂಫಿ ಸಂತ ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಕಾಫಿ 60%, ಚಿಕೋರಿ 40%. ಬೆರೆಸೋದು ತಪ್ಪಲ್ಲ, ಕಾನೂನಲ್ಲೇ 49% ವರೆಗೂ ಅವಕಾಶ ಇದೆ, ಆದ್ರೆ ಜನ ದುಡ್ಡು ಕೊಡ್ತಿರೋದು ಆ ಬೆಟ್ಟದ ಫೋಟೋ ನೋಡಿ. ಚಿಕೋರಿ ಅನ್ನೋದು ಒಂದು ಗಿಡದ ಬೇರು, ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಕಾಣೋ ಹಂಗೆ ಮಾಡುತ್ತೆ, ವರ್ಷಗಟ್ಟಲೆ ಅದನ್ನೇ ಕುಡಿದು ಕುಡಿದು ನಮ್ಮ ನಾಲಿಗೆಗೂ ಅದೇ 'ಸ್ಟ್ರಾಂಗ್ ಕಾಫಿ' ಆಗ್ಬಿಟ್ಟಿದೆ, ಮನೇಲಿ ಪ್ಯೂರ್ ಪುಡಿ ಕಾಫಿ ಕೊಟ್ರೆ ನೆಂಟ್ರು ನೀರುನೀರಾಗಿದೆ ಅಂತಾರೆ. ಕಾಫಿ ಬೆಳೆಯೋ ಊರಲ್ಲೇ ಹಿಂಗಾದ್ರೆ ನಂಗಂತೂ ತುಂಬಾ ಬೇಜಾರಾಗುತ್ತೆ.

ಅದೇ ರೋಡಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡ್ಕೊಡೋ ಹಳೇ ಅಂಗಡಿಗಳಿವೆ, ಸಾದಾ ಕವರು ಅಷ್ಟೆ. ಅರೇಬಿಕಾ, ರೋಬಸ್ಟಾ ಅನ್ನೋ ಎರಡು ಥರದ ಕಾಫಿ ಬೀಜ ಅರ್ಧರ್ಧ, ಚಿಕೋರಿ ಬೇಡ ಅಂತ ಬಾಯ್ಬಿಟ್ಟು ಹೇಳಿ. ಮೊದಮೊದಲು ಬೇರೆ ಥರ ಅನ್ಸುತ್ತೆ, ಆಮೇಲೆ ಆ ಪ್ಯಾಕೆಟ್ ಕಡೆ ಕೈ ಹೋಗಲ್ಲ. ಒಂದ್ಸಲಕ್ಕೆ ಕಾಲು ಕೆಜಿ ಸಾಕು, ಜಾಸ್ತಿ ತಂದಿಟ್ರೆ ಘಮ ಹೋಗ್ಬಿಡುತ್ತೆ.