ಟೈಮ್‌ಕೋಡ್ ತುಂಡಾದ ಟೇಪು: ಮಿನಿಡಿವಿಯಲ್ಲಿ ಚಿತ್ರೀಕರಿಸುವವರ ಗಮನಕ್ಕೆ

ಮಿನಿಡಿವಿಯಲ್ಲಿ, ಅಂದರೆ ಚಿಕ್ಕ ಡಿಜಿಟಲ್ ವೀಡಿಯೊ ಟೇಪಿನಲ್ಲಿ, ಈಗಲೂ ಚಿತ್ರೀಕರಿಸುವವರು, ಬಾಡಿಗೆ ಅಂಗಡಿಯವರು ‘ಬ್ಲ್ಯಾಕ್ ಮಾಡಿಟ್ಟಿದ್ದೇವೆ’ (ಎಣಿಕೆ ತುಂಡಾಗದಿರಲೆಂದು ಉದ್ದಕ್ಕೂ ಕಪ್ಪು ಚಿತ್ರವನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದೇವೆ) ಎಂದು ಕೊಡುವ ಟೇಪನ್ನು ಪರೀಕ್ಷಿಸದೆ ಕ್ಯಾಮೆರಾಕ್ಕೆ ಹಾಕಬೇಡಿ. ಯಕ್ಷಗಾನದ ಹಿರಿಯ ಭಾಗವತರೊಬ್ಬರ ಸಂದರ್ಶನಕ್ಕೆ ನಾವು ತಂದ ಅಂಥ ಟೇಪುಗಳಲ್ಲಿ ಆರಂಭದ ಕೆಲವು ನಿಮಿಷ ಮಾತ್ರ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಲೆಕ್ಕದಲ್ಲಿ ಬೀಳುವ ಸಂಖ್ಯೆ) ಇತ್ತು, ಉಳಿದದ್ದೆಲ್ಲ ಖಾಲಿ.

ಸಾಮಾನ್ಯ ಮಿನಿಡಿವಿ ಕ್ಯಾಮೆರಾದಲ್ಲಿ ಟೈಮ್‌ಕೋಡನ್ನು ನಾವಾಗಿ ನಿಗದಿಪಡಿಸಲು ಬರುವುದಿಲ್ಲ. ರೆಕಾರ್ಡ್ ಒತ್ತಿದಾಗ ಟೇಪಿನ ಆ ಜಾಗದಲ್ಲಿರುವ ಸಂಖ್ಯೆಯನ್ನು ಓದಿ ಕ್ಯಾಮೆರಾ ಎಣಿಕೆ ಮುಂದುವರಿಸುತ್ತದೆ. ಓದಲು ಏನೂ ಸಿಗದಿದ್ದರೆ 00:00:00:00ರಿಂದ ಹೊಸದಾಗಿ ಶುರುಮಾಡುತ್ತದೆ. ಭಾಗವತರು ತಾವು ಹಾಡಿದ್ದನ್ನು ನೋಡಬೇಕೆಂದಾಗ ಟೇಪನ್ನು ಹಿಂದಕ್ಕೆ ಓಡಿಸಿ ತೋರಿಸಿ ಮತ್ತೆ ಮುಂದುವರಿಸಿದೆವು. ಮುಗಿದ ದೃಶ್ಯದ ಅಂಚಿನಿಂದ ಒಂದೆರಡು ಸೆಕೆಂಡು ಆಚೆ ನಿಂತ ಕಡೆಯಲ್ಲೆಲ್ಲ ಎಣಿಕೆ ಸೊನ್ನೆಗೆ ಬಂದಿತ್ತು.

ಮೊದಲ ಸಂಕಲನ ಹೇಗೋ ಮುಗಿಯಿತು. ಒಂದು ಗಂಟೆಯ ಡಿವಿಗೆ ಸುಮಾರು 13 ಗಿಗಾಬೈಟ್ ಬೇಕಾಗುವುದರಿಂದ, ಡಿಸ್ಕಿನ ದೃಶ್ಯಗಳನ್ನು ಅಳಿಸಿ ಪ್ರಾಜೆಕ್ಟ್ ಫೈಲನ್ನಷ್ಟೇ ಉಳಿಸಿಕೊಂಡು, ಬೇಕಾದಾಗ ಟೈಮ್‌ಕೋಡಿನ ಆಧಾರದಲ್ಲಿ ಟೇಪಿನಿಂದ ಮತ್ತೆ ಕ್ಯಾಪ್ಚರ್ ಮಾಡುವುದು, ಅಂದರೆ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು, ರೂಢಿಯಾಗಿತ್ತು. ಹಾಗೆ ಮಾಡಹೊರಟಾಗ ಒಂದೇ ಸಂಖ್ಯೆ ಟೇಪಿನ ಬೇರೆ ಬೇರೆ ಕಡೆ ಸಿಕ್ಕಿತು. ಪದ್ಯವಿರಬೇಕಾದಲ್ಲಿ ಮಾತುಕತೆ ಬಂತು, ಕೋಡ್ ತುಂಡಾದಲ್ಲಿ ಪ್ರಿ-ರೋಲ್‌ಗೆ (ವೇಗ ಹಿಡಿಯಲು ಟೇಪು ಕೆಲವು ಸೆಕೆಂಡು ಮುಂಚಿನಿಂದಲೇ ಓಡುವುದಕ್ಕೆ) ಜಾಗ ಸಾಲದೆ ಕ್ಯಾಪ್ಚರ್ ನಿಂತೇಹೋಯಿತು. ಪ್ರತಿ ತುಣುಕನ್ನೂ ತುಟಿಚಲನೆ, ತಾಳ ನೋಡಿ ಕೈಯಾರೆ ಹೊಂದಿಸಬೇಕಾಯಿತು. ಮತ್ತೊಮ್ಮೆ ಹಾಡಿಸಲಾಗದ ಕಂಠವಿದ್ದ ಆ ಒಂದೇ ಮೂಲ ಟೇಪನ್ನು ಹಿಂದೆ ಮುಂದೆ ಓಡಿಸುವಾಗ, ಎಲ್ಲಿ ಸಿಕ್ಕಿ ಹರಿಯುವುದೋ ಎಂದು ಜೀವ ಬಿಗಿಹಿಡಿದು ಕೂತಿದ್ದೆವು.

ಆದ್ದರಿಂದ ಟೇಪನ್ನು ನೀವೇ, ಚಿತ್ರೀಕರಿಸುವ ಕ್ಯಾಮೆರಾದಲ್ಲೇ ಸಿದ್ಧಪಡಿಸಿ. ಲೆನ್ಸಿಗೆ ಮುಚ್ಚಳ ಹಾಕಿ, ಬ್ಯಾಟರಿ ನಂಬದೆ ಅಡಾಪ್ಟರ್ ಜೋಡಿಸಿ, ಮೊದಲಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲಿಸದೆ ರೆಕಾರ್ಡ್ ಮಾಡಿ. ಎಸ್‌ಪಿ (ಸಾಮಾನ್ಯ) ವೇಗದಲ್ಲಿ 60 ನಿಮಿಷದ ಟೇಪು ಎಲ್‌ಪಿ (ನಿಧಾನ) ವೇಗದಲ್ಲಿ 90 ನಿಮಿಷ ಓಡುತ್ತದೆ; ಒಂದರಲ್ಲಿ ಬ್ಲ್ಯಾಕ್ ಮಾಡಿ ಇನ್ನೊಂದರಲ್ಲಿ ಚಿತ್ರೀಕರಿಸಿದರೆ ಸಂಖ್ಯೆಗಳು ಮತ್ತೆ ಜಿಗಿಯುತ್ತವೆ. ಹೀಗೆ ಮೊದಲೇ ಒಂದು ಸಲ ಪೂರ್ತಿ ಓಡಿಸುವುದರಿಂದ ಕ್ಯಾಮೆರಾದ ಹೆಡ್ (ಟೇಪಿನ ಮೇಲೆ ಬರೆಯುವ, ಓದುವ ಭಾಗ) ಸವೆಯುತ್ತದೆಂಬ ಆಕ್ಷೇಪ ಸುಳ್ಳಲ್ಲ, ಆದರೆ ಮರಳಿ ಸಿಗದ ಸಂದರ್ಶನಕ್ಕೆ ಆ ಸವೆತವನ್ನು ನಾನು ಧಾರಾಳವಾಗಿ ಒಪ್ಪುತ್ತೇನೆ. ಸಮಯವೇ ಇಲ್ಲದಿದ್ದರೆ, ಪ್ರತಿ ದೃಶ್ಯ ಮುಗಿದ ಮೇಲೂ ಹತ್ತು ಸೆಕೆಂಡು ಕ್ಯಾಮೆರಾ ಓಡಲು ಬಿಟ್ಟು, ಮುಂದಿನದನ್ನು ಆ ಹತ್ತು ಸೆಕೆಂಡಿನ ಒಳಗಿನಿಂದಲೇ ಆರಂಭಿಸಿ.

ಬೇರೆಯವರು ಸಿದ್ಧಪಡಿಸಿದ ಟೇಪನ್ನೇ ಬಳಸಬೇಕಾಗಿ ಬಂದರೆ, ನಡುವೆಯೂ ಕೊನೆಯಲ್ಲೂ ಪ್ಲೇ ಮಾಡಿ ಎಣಿಕೆ ಓಡುತ್ತಿದೆಯೇ ಎಂದು ಅಂಗಡಿಯಲ್ಲೇ ನೋಡಿ ತನ್ನಿ.